ಕಿವಿ ಕೇಳದ ಅಪ್ಪ ಮತ್ತು ಅಂಗವೈಕಲ್ಯ ಪಿಂಚಣಿಯ ಸಹಾಯವಾಣಿ: ದೀರ್ಘ ಬಳಕೆಯ ನಂತರ ಒಂದು ವಿಮರ್ಶೆ

ಮಾಜಿ ಸೈನಿಕರ ಪಿಂಚಣಿಗಾಗಿ ಇರುವ ಸಹಾಯವಾಣಿಯೊಂದನ್ನು ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. ಐದಕ್ಕೆ ನಾನು ಕೊಡುವ ಅಂಕ ಒಂದೂವರೆ. ಆ ಅರ್ಧ ಅಂಕ ಅಲ್ಲಿನ ಒಬ್ಬ ನೌಕರರಿಗೆ ಸಲ್ಲಬೇಕು. ಅವರ ವಿಷಯ ಮುಂದೆ ಬರುತ್ತದೆ. ಮಾಮೂಲಿ ಕೆಲಸಕ್ಕೆ ಈ ಸಂಖ್ಯೆ ಪರವಾಗಿಲ್ಲ. ಜೀವನ ಪ್ರಮಾಣಪತ್ರ ತಲುಪಿದೆಯೇ, ಬ್ಯಾಂಕ್ ಖಾತೆಯ ಬದಲಾವಣೆ ದಾಖಲಾಗಿದೆಯೇ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಅಂಗವೈಕಲ್ಯ ಪಿಂಚಣಿಯ ಮಾತೆತ್ತಿದರೆ ಮಾತ್ರ ಆ ಕಡೆಯ ದನಿಯೇ ಬದಲಾಗುತ್ತದೆ.

ಅಪ್ಪ ಫಿರಂಗಿ ದಳದಲ್ಲಿ ಹವಾಲ್ದಾರ್ ಆಗಿದ್ದವರು. ಸೇವೆಯ ಬಹುಭಾಗ ತೋಪಿನ ಮಗ್ಗುಲಲ್ಲೇ ಕಳೆಯಿತು. ನಿವೃತ್ತಿಯ ಹೊತ್ತಿಗೆ ಎರಡೂ ಕಿವಿ ಮಂದವಾಗಿದ್ದವು. ಬಿಡುಗಡೆಗೆ ಮುನ್ನ ಕೂತ ವೈದ್ಯಕೀಯ ಮಂಡಳಿ ಶ್ರವಣದೋಷವನ್ನು ಶೇ 20 ಎಂದು ನಿಗದಿ ಮಾಡಿತು. ಜೊತೆಗೆ, ಇದು ಸೇನಾ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಒಂದು ಸಾಲು ಬರೆಯಿತು. ಆ ಸಾಲಿನ ಬಲದ ಮೇಲೆ ಅರ್ಜಿ ತಿರಸ್ಕೃತವಾಯಿತು.

ಹಣದ ಲೆಕ್ಕ ಹೀಗಿದೆ. ಶೇ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ಸಿಗುತ್ತದೆ. ಅದೇ ಪ್ರಮಾಣದಲ್ಲಿ ಶೇ 20ಕ್ಕೆ ಬರುವುದು ಶೇ 6. ಶೇ 50ಕ್ಕಿಂತ ಕಡಿಮೆ ಇರುವುದನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ಪದ್ಧತಿ ಮೊದಲು ಅಂಗವೈಕಲ್ಯದಿಂದಾಗಿಯೇ ಸೇವೆ ಬಿಡಬೇಕಾಗಿ ಬಂದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅಂದರೆ ಶೇ 6 ಇದ್ದದ್ದು ಶೇ 15 ಆಗುತ್ತದೆ. ಹವಾಲ್ದಾರರೊಬ್ಬರ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ.

ಈಗ ಸಹಾಯವಾಣಿಯ ವಿಷಯ. ಕರೆ ಮಾಡಿದ ಕೂಡಲೇ ಪಿಂಚಣಿದಾರರೇ ಮಾತನಾಡಬೇಕು ಎನ್ನುತ್ತಾರೆ. ಬೇರೆಯವರ ಖಾಸಗಿ ವಿವರ ಯಾರಿಗೋ ಹೇಳಬಾರದು ಎಂಬ ಕಾಳಜಿ ಸರಿಯೇ. ಆದರೆ ಅಪ್ಪನಿಗೆ ಫೋನಿನಲ್ಲಿ ಮಾತು ತಿಳಿಯುವುದಿಲ್ಲ, ನಾವು ಕೇಳುತ್ತಿರುವ ಪಿಂಚಣಿಯೇ ಆ ಕಾರಣಕ್ಕೆ ಎಂದು ಎಷ್ಟು ಹೇಳಿದರೂ ಅದೇ ಮಾತು. ನನಗೆ ಅಧಿಕಾರ ಕೊಟ್ಟು ಅಪ್ಪ ಸಹಿ ಮಾಡಿದ ಪತ್ರ ಕಳುಹಿಸಿದೆವು. ಅಂಥ ಪತ್ರ ತಮ್ಮ ಪರದೆಯಲ್ಲಿ ಕಾಣಿಸುವುದಿಲ್ಲ ಎಂದರು.

ಕೊನೆಗೆ ನಾವೇ ಒಂದು ವ್ಯವಸ್ಥೆ ಮಾಡಿಕೊಂಡೆವು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುವುದು, ಆ ಕಡೆಯ ಪ್ರಶ್ನೆಯನ್ನು ನಾನು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವುದು, ಅಪ್ಪ ಕನ್ನಡಕ ಏರಿಸಿ ಓದಿ ಉತ್ತರಿಸುವುದು. 'ಹುಟ್ಟಿದ ದಿನಾಂಕ', 'ಸೈನಿಕ ಸಂಖ್ಯೆ', 'ಯಾವ ಬ್ಯಾಂಕ್'. ಅಪ್ಪ ಎದೆ ಸೆಟೆಸಿ, ಪರೇಡಿನಲ್ಲಿ ಹೇಳುವ ಹಾಗೆ ತಮ್ಮ ಸಂಖ್ಯೆ ಹೇಳುತ್ತಿದ್ದರು. ಬರೆದು ಓದುವಷ್ಟರಲ್ಲಿ ಆಗುವ ವಿಳಂಬ ಆ ಕಡೆಯವರಿಗೆ ಹಿಡಿಸುತ್ತಿರಲಿಲ್ಲ. "ನಿಮ್ಮ ಧ್ವನಿ ಬರುತ್ತಿಲ್ಲ" ಎಂದು ಕರೆ ಕತ್ತರಿಸುತ್ತಿದ್ದರು. ಒಮ್ಮೆ ಒಬ್ಬಾಕೆ, ಪಕ್ಕದಲ್ಲಿ ಯಾರೋ ಹೇಳಿಕೊಡುತ್ತಿದ್ದಾರೆ, ಇದು ನಡೆಯುವುದಿಲ್ಲ ಎಂದು ಗದರಿದರು. ಅಪ್ಪನಿಗೆ ಅದು ಕೇಳಿಸಲಿಲ್ಲ. ಏನಂದರು ಎಂದು ನನ್ನ ಮುಖ ನೋಡಿದರು. ನಾನು ಹಾಳೆಯ ಮೇಲೆ ಏನನ್ನೂ ಬರೆಯಲಿಲ್ಲ. ದೇಶಕ್ಕಾಗಿ ಕಿವಿ ಕಳೆದುಕೊಂಡವರನ್ನು ಕೇಳಿಸುವುದಿಲ್ಲ ಎಂಬ ಕಾರಣಕ್ಕೆ ಗದರುವುದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಎರಡನೇ ತೊಂದರೆ ಉತ್ತರಗಳದ್ದು. "ಪ್ರಕ್ರಿಯೆಯಲ್ಲಿದೆ", "ಮುಂದಿನ ತಿಂಗಳು ನೋಡಿ" ಎಂಬಿವು ಸದಾ ಸಿಗುತ್ತವೆ. ಅರ್ಜಿ ತಿರಸ್ಕೃತವಾದಾಗ ಮೇಲ್ಮನವಿ ಬೇಡ, ಕಡತ ತಾನಾಗಿಯೇ ಮರುಪರಿಶೀಲನೆಗೆ ಹೋಗುತ್ತದೆ, ಕಾಯಿರಿ ಎಂದು ಒಬ್ಬರು ಹೇಳಿದರು. ತಿರಸ್ಕಾರದ ಪತ್ರ ಕೈಸೇರಿದ ಮೇಲೆ ಮೊದಲ ಮೇಲ್ಮನವಿಗೆ ಇರುವ ಕಾಲಾವಕಾಶ ಆರು ತಿಂಗಳು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಗುಮಾಸ್ತರೊಬ್ಬರು ಪತ್ರದ ಕೊನೆಯ ಪ್ಯಾರಾವನ್ನು ಬೆರಳಿಟ್ಟು ತೋರಿಸದೆ ಇದ್ದಿದ್ದರೆ ಆ ಅವಧಿ ಕಾಯುವುದರಲ್ಲೇ ಮುಗಿಯುತ್ತಿತ್ತು. ಇನ್ನೊಬ್ಬರು 2023ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ನಿಯಮಗಳನ್ನು ಓದಿ ಹೇಳಿದರು. ಅಪ್ಪ ನಿವೃತ್ತರಾದದ್ದು ಅದಕ್ಕೂ ಬಹಳ ಹಿಂದೆ. ಆ ನಿಯಮಗಳು ಅವರಿಗೆ ಅನ್ವಯಿಸುವುದೇ ಇಲ್ಲ. ದೂರು ದಾಖಲಿಸಿದರೆ ಕೆಲವು ದಿನಗಳಲ್ಲಿ 'ಪರಿಹರಿಸಲಾಗಿದೆ' ಎಂಬ ಸಂದೇಶ ಬರುತ್ತದೆ. ಏನು ಪರಿಹಾರವಾಯಿತು ಎಂದು ಕೇಳಿದರೆ ಹೊಸ ದೂರು ಕೊಡಿ ಎನ್ನುತ್ತಾರೆ.

"ಕಾಯಿರಿ" ಎಂಬ ಮಾತಿನ ಬೆಲೆ ಏನೆಂದು ಆ ಕುರ್ಚಿಯಲ್ಲಿ ಕೂತವರಿಗೆ ಯಾರಾದರೂ ಹೇಳಿಕೊಡಬೇಕು. ತಡವಾಗಿ ನ್ಯಾಯಾಲಯಕ್ಕೆ ಹೋದವರಿಗೆ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಗಳ ಹಿಂಬಾಕಿ ಮಾತ್ರ ಎಂದು ಸುಪ್ರೀಂ ಕೋರ್ಟ್ 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಫೋನಿನ ಮಾತು ನಂಬಿ ಹತ್ತು ವರ್ಷ ಕಾದವರು ಏಳು ವರ್ಷದ ಹಣ ಬಿಟ್ಟುಕೊಡಬೇಕಾದೀತು.

ಇನ್ನು ಆ ಅರ್ಧ ಅಂಕದ ನೌಕರರು. ಅವರು ಅಪ್ಪನ ಮಾತಿಗೆ ತಾಳ್ಮೆಯಿಂದ ಕಾದರು. ಆಮೇಲೆ ನನ್ನೊಂದಿಗೆ ನೇರವಾಗಿ ಹೇಳಿದರು: "ಅಮ್ಮಾ, ನಮಗೆ ಕಾಣಿಸುವುದು ಅರ್ಜಿಯ ಸ್ಥಿತಿ ಮಾತ್ರ. ವೈದ್ಯಕೀಯ ಕಡತ ಇಲ್ಲಿ ತೆರೆಯುವುದಿಲ್ಲ. ನಿಮ್ಮ ತಂದೆಯವರ ಹೆಸರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮಂಡಳಿಯ ಪೂರ್ತಿ ನಡಾವಳಿ ಕೇಳಿ." ಅಷ್ಟು ದಿನಗಳ ಕರೆಗಳಲ್ಲಿ ಕೆಲಸಕ್ಕೆ ಬಂದ ಮಾತು ಇದೊಂದೇ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. ದಾಖಲೆ ಕಚೇರಿಯಿಂದ ಪ್ರತಿಗಳು ಬಂದವು.

ಅವುಗಳಲ್ಲಿ ಎರಡು ಹಾಳೆಗಳನ್ನು ನಾನು ಅಕ್ಕಪಕ್ಕ ಇಟ್ಟು ನೋಡಿದೆ. ಒಂದು, ಅಪ್ಪ ಸೇನೆಗೆ ಸೇರಿದಾಗಿನ ತಪಾಸಣೆ. ಪಿಸುಮಾತನ್ನು 610 ಸೆಂಟಿಮೀಟರ್ ದೂರದಿಂದ ಎರಡೂ ಕಿವಿಗಳಿಂದ ಕೇಳಿಸಿಕೊಂಡಿದ್ದಾರೆ ಎಂದು ಅದರಲ್ಲಿದೆ. ಇನ್ನೊಂದು, ಬಿಡುಗಡೆಯ ಮಂಡಳಿಯದ್ದು. ದೋಷ ಸೇವೆಗೆ ಸಂಬಂಧಿಸಿದ್ದಲ್ಲ ಎಂಬ ಅಭಿಪ್ರಾಯಕ್ಕೆ ಕಾರಣ ಬರೆಯಬೇಕಾದ ಜಾಗ ಖಾಲಿ. ಸೇರುವಾಗ ದೋಷ ದಾಖಲಾಗಿರದಿದ್ದರೆ ಆತ ಆರೋಗ್ಯವಾಗಿದ್ದನೆಂದೇ ಭಾವಿಸಬೇಕು, ಸಾಬೀತು ಮಾಡುವ ಹೊಣೆ ಸೈನಿಕನದ್ದಲ್ಲ, ಮಂಡಳಿ ಕಾರಣ ದಾಖಲಿಸಲೇಬೇಕು ಎಂದು 2013ರ ಧರಮ್‌ವೀರ್ ಸಿಂಗ್ ತೀರ್ಪು ಹೇಳುತ್ತದೆ. 1985ರಲ್ಲಿ ಸೇನೆಗೆ ಸೇರಿ ಅಪಸ್ಮಾರದ ಕಾರಣಕ್ಕೆ 1994ರಲ್ಲಿ ಹೊರಬಂದ ಸೈನಿಕರ ಪ್ರಕರಣ ಅದು. ಅವರದ್ದೂ ಶೇ 20. ನಮ್ಮ ಪ್ರಕರಣದ ಜೀವ ಈ ಎರಡು ಹಾಳೆಗಳಲ್ಲಿದೆ, ಮತ್ತು ಸಹಾಯವಾಣಿಯ ಬಹುತೇಕರು ಅವು ಇವೆ ಎಂಬುದನ್ನೇ ನಮಗೆ ತಿಳಿಸಿರಲಿಲ್ಲ.

ಬಳಸುವವರಿಗೆ ನನ್ನ ಸಲಹೆ ಇಷ್ಟೇ. ಮಾತನಾಡಿದವರ ಹೆಸರು, ಸಮಯ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಅವರು ಹೇಳಿದ್ದನ್ನೇ ಇಮೇಲಿನಲ್ಲಿ ಬರೆದು "ಇದು ಸರಿಯೇ" ಎಂದು ಕೇಳಿ. ತಪ್ಪು ಮಾಹಿತಿ ಕೊಟ್ಟವರು ಬರವಣಿಗೆಯಲ್ಲಿ ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ. ಗಡುವಿನ ವಿಷಯದಲ್ಲಿ ಫೋನಿನ ಮಾತನ್ನು ನಂಬಲೇಬೇಡಿ.

ಸಹಾಯವಾಣಿಯವರಿಗೂ ಒಂದು ಬೇಡಿಕೆ ಇದೆ. ಸರ್ಕಾರಿ ಸೇವೆಗಳು ಅಂಗವಿಕಲರಿಗೂ ಎಟುಕುವಂತಿರಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಕಿವಿ ಕೇಳದ ಪಿಂಚಣಿದಾರರಿಗೆ ಬರೆದು ಮಾತನಾಡುವ ದಾರಿಯೊಂದನ್ನು ತೆರೆಯಿರಿ, ಇಲ್ಲವೇ ಅವರು ಸಹಿ ಮಾಡಿ ಹೆಸರಿಸಿದ ಮಗಳನ್ನೋ ಮಗನನ್ನೋ ಒಪ್ಪಿಕೊಳ್ಳಿ.

ಮೊದಲ ಮೇಲ್ಮನವಿ ವಜಾ ಆಯಿತು. ಎರಡನೆಯದನ್ನು ಆ ಎರಡು ಹಾಳೆಗಳೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇವೆ. ಅದೂ ತಿರಸ್ಕೃತವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುವುದೆಂದು ಅಪ್ಪ ಆಗಲೇ ತೀರ್ಮಾನಿಸಿದ್ದಾರೆ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಬೇಕು. ವಕೀಲರಿಗೆ ಕೊಡಬೇಕಾದ ಪ್ರತಿಗಳನ್ನು ಈಗಲೇ ತೆಗೆಸಿ ಇಟ್ಟಿದ್ದೇವೆ.