ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ: ನೆಟ್ಟಿದ್ದಕ್ಕಲ್ಲ, ಬದುಕಿದ್ದಕ್ಕೆ ದುಡ್ಡು

ಸರ್ಕಾರ ಗಿಡಕ್ಕೆ ದುಡ್ಡು ಕೊಡುತ್ತದಂತೆ ಎಂದು ಕೇಳಿಕೊಂಡು ಈ ಯೋಜನೆಗೆ ಅರ್ಜಿ ಹಾಕಲು ಹೊರಟವರು ಸ್ವಲ್ಪ ನಿಲ್ಲಿ. ಹೇಗೂ ಬದುವಿನ ಮೇಲೆ ನಾಲ್ಕು ಮರ ಬೆಳೆಸಬೇಕು ಅಂದುಕೊಂಡಿದ್ದೀರಾ? ಹಾಗಿದ್ದರೆ ಧಾರಾಳವಾಗಿ ಹಾಕಿ. ಬರೀ ದುಡ್ಡಿಗಾದರೆ ಬೇಡ. ನಮ್ಮದು ಮಳೆ ನಂಬಿದ ರಾಗಿ ಹೊಲ, ಸುತ್ತ ಬೋಳು ಬದು. ಅದಕ್ಕೆ ನಾನು ಸೇರಿದೆ. ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ.

ಇದು ಕರ್ನಾಟಕ ಅರಣ್ಯ ಇಲಾಖೆಯ ಯೋಜನೆ. ಶುರುವಾಗಿದ್ದು 2011-12ರಲ್ಲಿ. ಇಲಾಖೆಯ ನರ್ಸರಿಯಲ್ಲಿ ಕಡಿಮೆ ದರಕ್ಕೆ ಸಸಿ ಸಿಗುತ್ತದೆ. ತಂದು ನಮ್ಮ ಜಮೀನಿನಲ್ಲಿ ನೆಡಬೇಕು. ಬದುಕಿದ ಒಂದೊಂದು ಗಿಡಕ್ಕೆ ಮೊದಲ ವರ್ಷ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125. ನಾನು ಸೇರಿದಾಗಿನ ದರ ಇದು. ಹೆಕ್ಟೇರಿಗೆ 400 ಗಿಡದವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಐದು ಮೀಟರಿಗೊಂದರಂತೆ ನೆಟ್ಟರೆ ಸರಿಯಾಗಿ ಅಷ್ಟೇ ಹಿಡಿಸುತ್ತವೆ. ಎಕರೆ ಲೆಕ್ಕದಲ್ಲಿ 160 ಗಿಡ, ಮೂರು ವರ್ಷಕ್ಕೆ 20,000 ರೂಪಾಯಿ. ಒಂದೂ ಸಾಯದಿದ್ದರೆ! ಅದು ಕಾಗದದ ಮೇಲೆ ಮಾತ್ರ ಆಗೋ ಮಾತು ಬಿಡಿ.

ಅರ್ಜಿ ಸುಲಭ. ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಬೇಕು. ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್, ಫೋಟೊ, ಜಮೀನಿನ ಒಂದು ಕೈನಕ್ಷೆ, ನೋಂದಣಿಗೆ 10 ರೂಪಾಯಿ. ಅಷ್ಟೇ.

ಕಷ್ಟ ಇರುವುದು ಪಹಣಿಯಲ್ಲಿ. ನಮ್ಮದರಲ್ಲಿ ಇನ್ನೂ ಮಾವನವರ ಹೆಸರೇ ಇತ್ತು, ಅವರು ತೀರಿಕೊಂಡು ವರ್ಷಗಳಾಗಿದ್ದರೂ. ಹಳ್ಳಿಯಲ್ಲಿ ಅರ್ಧ ಜನರ ಕಥೆ ಹೀಗೇ ಅಲ್ವಾ? ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಂಡು ಬನ್ನಿ ಅಂದರು. ಅದಕ್ಕೆ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ. ಕೊನೆಗೆ ಖಾತೆ ಜಂಟಿಯಾಯಿತು. ಜಂಟಿ ಆದಮೇಲೆ ನಾದಿನಿಯರ ಒಪ್ಪಿಗೆಯೂ ಬೇಕಂತೆ. ಚಿಕ್ಕವಳು ಸಹಿ ಹಾಕುವ ಮುಂಚೆ, "ಅತ್ತಿಗೆ, ಮರ ದೊಡ್ಡದಾದ ಮೇಲೆ ನಮಗೂ ಪಾಲು ಇದೆ ಅಲ್ವಾ?" ಅಂದಳು. "ಇದೆ ಕಣಮ್ಮ, ನೀರು ಹೊರೋದರಲ್ಲೂ ಇದೆ" ಅಂದೆ. ನಕ್ಕು ಸಹಿ ಹಾಕಿದಳು. ಇಡೀ ಕೆಲಸದಲ್ಲಿ ಜಾಸ್ತಿ ದಿನ ತಿಂದಿದ್ದು ಈ ಪಹಣಿಯೇ. ನೀವು ಅರ್ಜಿಗೆ ಕೈ ಹಾಕುವ ಮೊದಲು ಪಹಣಿ ತೆಗೆಸಿ ಒಂದು ಸಲ ನೋಡಿಕೊಳ್ಳಿ.

ಯಾವ ಗಿಡ ಅನ್ನುವುದೂ ಮುಖ್ಯ. ನೀಲಗಿರಿ, ಅಕೇಶಿಯ, ಸಿಲ್ವರ್ ಓಕ್, ಸರ್ವೆ, ತೆಂಗು, ಅಡಿಕೆ, ಇವಕ್ಕೆ ಪ್ರೋತ್ಸಾಹಧನ ಇಲ್ಲ. ನೀಲಗಿರಿ ನೆಡುವುದನ್ನು 2017ರಲ್ಲಿ ರಾಜ್ಯದಲ್ಲೇ ನಿಲ್ಲಿಸಿದರು, ಒಳ್ಳೆಯದೇ ಆಯಿತು. ನಾನು ಹೆಬ್ಬೇವು, ತೇಗ, ಹೊಂಗೆ, ನೇರಳೆ, ಹಲಸು ಬರೆಸಿದೆ. ಬೇಡಿಕೆಯನ್ನು ಮುಂಗಾರಿಗೆ ತುಂಬ ಮೊದಲೇ ಬರೆಸಿಡಿ. ಮಳೆ ಬಿದ್ದ ಮೇಲೆ ಹೋದರೆ ಉಳಿದ ಬಳಿದದ್ದು ಸಿಗುತ್ತದೆ. ಪ್ಯಾಕೆಟ್ ದೊಡ್ಡದಾದಷ್ಟು ದರ ಜಾಸ್ತಿ. ಬೋರ್‌ವೆಲ್ ಇಲ್ಲದವರು ದೊಡ್ಡದನ್ನೇ ತನ್ನಿ, ಬೇರು ಗಟ್ಟಿಯಾಗಿರುತ್ತದೆ. ನರ್ಸರಿಯವರು ಕೊಟ್ಟಿದ್ದನ್ನು ಸುಮ್ನೆ ಟ್ರಾಕ್ಟರಿಗೆ ತುಂಬಬೇಡಿ. ಒಂದೊಂದೇ ಎತ್ತಿ ತಳ ನೋಡಿ. ಬೇರು ಪ್ಯಾಕೆಟ್ ಹರಿದು ಹೊರಗೆ ಬಂದು ಸುರುಳಿ ಸುತ್ತಿದ್ದರೆ ಪಕ್ಕಕ್ಕಿಡಿ. ನಾನು ಹಾಗೆ ಆರಿಸುತ್ತಾ ಕೂತಾಗ ಅಲ್ಲಿನ ಕೆಲಸದವರು ಮುಖ ಸಿಂಡರಿಸಿದರು. ಸಿಂಡರಿಸಲಿ.

ಈಗ ನಿಜವಾದ ದೂರು. ಮೊದಲ ಬೇಸಿಗೆಗೆ ಯಾರೂ ದುಡ್ಡು ಕೊಡುವುದಿಲ್ಲ. ಗುಂಡಿ ತೋಡುವ ಕೂಲಿ, ಕೊಟ್ಟಿಗೆ ಗೊಬ್ಬರ, ಮೇಕೆ ಬಾಯಿಗೆ ಸಿಗದಂತೆ ಮುಳ್ಳುಬೇಲಿ, ಮಾರ್ಚ್ ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು, ಎಲ್ಲ ನಮ್ಮ ಕೈಯಿಂದಲೇ. ಗಿಡ ಸಾಯುವುದು ಆಗಲೇ, ಖರ್ಚು ಜಾಸ್ತಿ ಆಗುವುದೂ ಆಗಲೇ. ಆದರೆ ಸಿಗುವ ಮೊತ್ತ ನೋಡಿ: ಮೊದಲ ವರ್ಷ ಎಲ್ಲಕ್ಕಿಂತ ಕಡಿಮೆ, ಮೂರನೇ ವರ್ಷ ಎಲ್ಲಕ್ಕಿಂತ ಜಾಸ್ತಿ. ಮೂರು ವರ್ಷ ಕೈಬಿಡದೆ ನೋಡಿಕೊಳ್ಳಲಿ ಎಂದು ಹಾಗೆ ಮಾಡಿದ್ದಾರೆ, ಅರ್ಥವಾಗುತ್ತದೆ. ಅಷ್ಟಾದರೂ ಕೈಯಲ್ಲಿ ಕಾಸಿಲ್ಲದ ಸಣ್ಣ ರೈತ ಮೊದಲ ಬೇಸಿಗೆ ದಾಟುವುದು ಹೇಗೆ?

ಬದುಕಿದ್ದಕ್ಕೆ ಮಾತ್ರ ದುಡ್ಡು ಎಂಬ ನಿಯಮ ಮಾತ್ರ ನನಗೆ ತುಂಬ ಹಿಡಿಸಿತು. ನೆಟ್ಟು ಫೋಟೊ ಹೊಡೆಸಿಕೊಂಡು ಮನೆಗೆ ಹೋಗುವ ಆಟ ಇಲ್ಲಿ ನಡೆಯುವುದಿಲ್ಲ. ಎಣಿಸಲು ಗಾರ್ಡ್ ಬಂದಿದ್ದು ಉರಿಬಿಸಿಲಲ್ಲಿ. ತೇಗ ಎಲೆ ಉದುರಿಸಿ ಬರೀ ಕೋಲಾಗಿ ನಿಂತಿತ್ತು. ಆತ ದೂರದಿಂದ ನೋಡಿ, "ಈ ಸಾಲು ಹೋಗಿದೆಯಲ್ಲಮ್ಮಾ" ಎಂದು ಬರೆದುಕೊಳ್ಳಲು ಹೊರಟ. "ಸ್ವಲ್ಪ ನಿಲ್ಲಪ್ಪಾ" ಎಂದು ಕಾಂಡವನ್ನು ಉಗುರಿನಿಂದ ಕೆರೆದು ತೋರಿಸಿದೆ. ಬೂದು ಸಿಪ್ಪೆ ಕೆಳಗೆ ಹಸಿ ಹಸಿರು. ಆಮೇಲೆ ಆತನೂ ಒಂದೊಂದನ್ನೇ ಕೆರೆಯುತ್ತಾ ಬಂದ. ಅಡಿಯವರೆಗೂ ಒಣಗಿದ್ದನ್ನು ನಾನೇ ತೋರಿಸಿ ಹೊಡೆದುಹಾಕಿಸಿದೆ. ಎಣಿಕೆ ದಿನ ನೀವು ಹೊಲದಲ್ಲೇ ಇರಿ. ಪೇಟೆಯಲ್ಲಿ ಎಷ್ಟೇ ಕೆಲಸ ಇದ್ದರೂ ಆಮೇಲೆ ನೋಡಿಕೊಳ್ಳಬಹುದು.

ದುಡ್ಡು ತಡ. "ಅನುದಾನ ಬಂದಾಗ ಹಾಕ್ತೀವಮ್ಮ" ಅನ್ನುವುದೊಂದೇ ಉತ್ತರ. ಬಂದಿದ್ದೂ ನಾನು ಜೆರಾಕ್ಸ್ ಕೊಟ್ಟಿದ್ದ ಬ್ಯಾಂಕಿಗಲ್ಲ, ಆಧಾರ್ ಜೋಡಿಸಿದ್ದ ಬೇರೆ ಬ್ಯಾಂಕಿಗೆ! ನನ್ನ ಬ್ಯಾಂಕಿನವರು ಬಂದಿಲ್ಲ ಬಂದಿಲ್ಲ ಅಂತಲೇ ಕಳಿಸುತ್ತಿದ್ದರು, ಆಧಾರ್ ಎಲ್ಲಿಗೆ ಜೋಡಣೆಯಾಗಿದೆ ನೋಡೋಣ ಅಂತ ಒಬ್ಬರೂ ಹೇಳಲಿಲ್ಲ. ಎರಡು ಮೂರು ಖಾತೆ ಇರುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ವಿಷಯ ಅರ್ಜಿ ಕೊಡುವಾಗ ಯಾರೂ ಬಾಯಿ ಬಿಡಲಿಲ್ಲ. ನೆಡುವುದಕ್ಕೆ ಇಷ್ಟು ಪ್ರೋತ್ಸಾಹ ಇದೆಯಲ್ಲ, ತೇಗ ಕಡಿಯಬೇಕಾದಾಗ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಮತ್ತೆ ಇದೇ ಇಲಾಖೆಯ ಅನುಮತಿ ಬೇಕು. ಮಕ್ಕಳ ಮದುವೆಗೆ ಅಂತ ನೆಡುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಇಲಾಖೆಯ ಗಿಡ ಅಂತ ಗೊತ್ತಾಗುವ ಕಾಗದ, ರಸೀದಿ ಏನೇ ಕೊಟ್ಟರೂ ಪಹಣಿ ಜೊತೆಗೇ ಜೋಪಾನ ಮಾಡಿ.

ಮುಂದಿನ ಮುಂಗಾರಿಗೆ ಹಿಂದಿನ ಬದುವಿಗೂ ಹೊಂಗೆ, ನೇರಳೆ ಬರೆಸಿದ್ದೇನೆ. ಶ್ರೀಗಂಧವನ್ನೂ ಹಾಕಿ ಅಂದರು ಫಾರೆಸ್ಟರ್. ಅರಣ್ಯ ಕಾಯ್ದೆಗೆ 2001ರ ತಿದ್ದುಪಡಿ ಆದಮೇಲೆ ನಮ್ಮ ಜಮೀನಿನ ಶ್ರೀಗಂಧ ನಮ್ಮದೇ ಅನ್ನುವುದೇನೋ ನಿಜ. ಅದು ಪಕ್ಕದ ಗಿಡದ ಬೇರಿನಿಂದ ಆಹಾರ ಎಳೆದುಕೊಳ್ಳುವ ಮರ, ಪಕ್ಕದಲ್ಲಿ ತೊಗರಿ ಹಾಕಿ ಬೆಳೆಸಿಯೂ ಬಿಡಬಹುದು. ರಾತ್ರಿ ಕಾಯುವವರು ಯಾರು ಅಂತ ಕೇಳಿದೆ. ಆ ಪ್ಯಾಕೆಟ್‌ಗಳನ್ನು ಅವರೇ ವಾಪಸ್ ಇಟ್ಟರು.