162 ಪಂದ್ಯ, 121 ಸೋಲು: ಶಿಕಾಗೊ ವೈಟ್ ಸಾಕ್ಸ್ ಟಿಕೆಟ್ ಕೊಂಡವನ ವಿಮರ್ಶೆ

ಮಿಕ್ಸಿಯನ್ನೋ ಪ್ರೆಷರ್ ಕುಕ್ಕರನ್ನೋ ಕೊಂಡವರು ಆರು ತಿಂಗಳು ಬಳಸಿ ನೋಡಿ, ಅದರ ಗುಣದೋಷಗಳನ್ನು ನಾಲ್ಕು ಜನರಿಗೆ ತಿಳಿಯುವಂತೆ ಬರೆಯುತ್ತಾರೆ. ನಾನು 2024ರ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬಳಸಿ ನೋಡಿದ್ದು ಒಂದು ಬೇಸ್‌ಬಾಲ್ ತಂಡವನ್ನು. ಶಿಕಾಗೊ ನಗರದ ದಕ್ಷಿಣ ಭಾಗಕ್ಕೆ ಸೇರಿದ ವೈಟ್ ಸಾಕ್ಸ್ ತಂಡವು ತವರಿನಲ್ಲಿ ಆಡುವ ಕೆಲವು ಪಂದ್ಯಗಳ ಟಿಕೆಟ್‌ಗಳನ್ನು ಒಟ್ಟಿಗೆ ಕೊಂಡಿದ್ದೆ. ಉಳಿದವನ್ನು ಟಿವಿಯಲ್ಲಿ ನೋಡಿದೆ. ಐದು ನಕ್ಷತ್ರಗಳಲ್ಲಿ ನಾನು ಕೊಡುವುದು ಒಂದೂವರೆ. ಆ ಒಂದು ಒಬ್ಬನೇ ಒಬ್ಬ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಸಲ್ಲಬೇಕು, ಉಳಿದರ್ಧ ಮುಸುಕಿನ ಜೋಳಕ್ಕೆ. ಈ ಲೆಕ್ಕಕ್ಕೆ ಕಾರಣವನ್ನು ಹೇಳುತ್ತೇನೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲಿನ ಸೋಲಿನ ತೂಕ ಸುಲಭಕ್ಕೆ ತಿಳಿಯುವುದಿಲ್ಲ. ಇಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ, ಬಹುತೇಕ ದಿನಕ್ಕೊಂದರಂತೆ. ಆಟದ ಸ್ವಭಾವವೇ ಅಂಥದ್ದು: ಎಷ್ಟೇ ಬಲಿಷ್ಠ ತಂಡವಾದರೂ ಹೆಚ್ಚುಕಡಿಮೆ ಮೂರರಲ್ಲಿ ಒಂದನ್ನು ಸೋಲುತ್ತದೆ, ಎಷ್ಟೇ ಬಡಕಲು ತಂಡವಾದರೂ ಮೂರರಲ್ಲಿ ಒಂದನ್ನು ಗೆಲ್ಲುತ್ತದೆ. ಋತುವೆಲ್ಲ ನಡೆಯುವುದು ನಡುವಿನ ಆ ಇನ್ನೊಂದು ಪಾಲಿಗಾಗಿ. ವೈಟ್ ಸಾಕ್ಸ್ 2024ರಲ್ಲಿ ಗೆದ್ದದ್ದು 41, ಸೋತದ್ದು 121. ಅಂದರೆ ನಾಲ್ಕರಲ್ಲಿ ಒಂದನ್ನು ಮಾತ್ರ ಗೆದ್ದಿತು. 1900ರಿಂದೀಚೆಗೆ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಸ್ಪರ್ಧೆಯಾದ ಮೇಜರ್ ಲೀಗಿನ ಯಾವ ತಂಡವೂ ಒಂದು ವರ್ಷದಲ್ಲಿ ಇಷ್ಟು ಸೋತಿರಲಿಲ್ಲ. 1962ರಲ್ಲಿ ಆಗಷ್ಟೇ ಹುಟ್ಟಿದ್ದ ನ್ಯೂಯಾರ್ಕ್ ಮೆಟ್ಸ್ 120 ಪಂದ್ಯ ಸೋತಿತ್ತು, ಆದರೆ ಹೊಸ ಕೂಸು ಎಡವಿದರೆ ಯಾರೂ ಬೈಯುವುದಿಲ್ಲ. ವೈಟ್ ಸಾಕ್ಸ್ ಶತಮಾನ ದಾಟಿದ ತಂಡ. 2005ರಲ್ಲಿ ವರ್ಲ್ಡ್ ಸೀರೀಸ್ (ಮೇಜರ್ ಲೀಗಿನ ಅಂತಿಮ ಸರಣಿ) ಗೆದ್ದದ್ದು, 2021ರಲ್ಲಿ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದದ್ದು.

ಮೊದಲ ದಿನವೇ ವರ್ಷದ ಜಾತಕ ಓದಿದಂತಿತ್ತು. ಮಾರ್ಚ್ 28ರಂದು ಡೆಟ್ರಾಯಿಟ್ ಟೈಗರ್ಸ್ ವಿರುದ್ಧ, ಅದುವರೆಗೆ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆರಂಭಿಸಿರದ ಎಡಗೈ ಪಿಚರ್ ಗ್ಯಾರೆಟ್ ಕ್ರೋಶೆಯನ್ನು ಆರಂಭಕ್ಕೆ ಇಳಿಸಿದರು. ಆತ ಆರು ಇನ್ನಿಂಗ್ ಎಸೆದು ಎಂಟು ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ (ಮೂರು ಒಳ್ಳೆಯ ಎಸೆತಗಳಿಗೆ ಬ್ಯಾಟರ್ ಸೋತು ಔಟಾಗುವುದು) ಕೇವಲ ಒಂದು ರನ್ ಕೊಟ್ಟ. ತಂಡ ಸೋತದ್ದು ಆ ಒಂದೇ ರನ್ನಿನಿಂದ, 1-0. ಬೌಲರ್ ತನ್ನ ಕೆಲಸ ಮುಗಿಸಿ ಬಂದು ಕುಳಿತಿದ್ದಾನೆ, ಬ್ಯಾಟು ಹಿಡಿದವರು ಒಂಬತ್ತು ಇನ್ನಿಂಗ್‌ಗಳಲ್ಲಿ ಒಬ್ಬನನ್ನೂ ಮನೆಗೆ, ಅಂದರೆ ರನ್ ಸಿಗುವ ಹೋಂ ಪ್ಲೇಟಿಗೆ, ತಲುಪಿಸಿಲ್ಲ: ಈ ದೃಶ್ಯವನ್ನು ಮುಂದೆ ಎಷ್ಟು ಸಲ ನೋಡಿದೆನೋ ಲೆಕ್ಕವಿಟ್ಟಿಲ್ಲ. ಮೊದಲ 25 ಪಂದ್ಯಗಳಲ್ಲಿ ಗೆಲುವು ಮೂರು. ವರ್ಷವಿಡೀ ತಂಡ ಗಳಿಸಿದ 507 ರನ್ ಲೀಗಿನ ಮೂವತ್ತು ತಂಡಗಳಲ್ಲೇ ಅತಿ ಕಡಿಮೆ. ಎದುರಾಳಿಗಳಿಗೆ ಕೊಟ್ಟದ್ದು ಅದಕ್ಕಿಂತ 306 ಹೆಚ್ಚು.

ಸೋಲು ಆಕಾಶದಿಂದ ಬಿದ್ದದ್ದಲ್ಲ. 101 ಪಂದ್ಯ ಸೋತ 2023ರ ಋತು ಮುಗಿಯುವ ಮೊದಲೇ, ಆಗಸ್ಟಿನಲ್ಲಿ, ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ ಅವರು ದೀರ್ಘಕಾಲದ ಇಬ್ಬರು ಆಡಳಿತಗಾರರನ್ನು ತೆಗೆದುಹಾಕಿ, ಹೊರಗಿನಿಂದ ಯಾರನ್ನೂ ಹುಡುಕದೆ, ಒಳಗೇ ಇದ್ದ ಕ್ರಿಸ್ ಗೆಟ್ಸ್ ಅವರನ್ನು ಆ ಜಾಗದಲ್ಲಿ ಕೂರಿಸಿದರು. ಋತು ಆರಂಭವಾಗಲು ಎರಡು ವಾರವಿದ್ದಾಗ ತಂಡದ ಅತ್ಯುತ್ತಮ ಪಿಚರ್ ಡಿಲನ್ ಸೀಸ್‌ನನ್ನು ಸ್ಯಾನ್ ಡಿಯಾಗೊ ತಂಡಕ್ಕೆ ಕೊಟ್ಟುಬಿಟ್ಟರು. ಆ ಸೀಸ್ ಜುಲೈ 25ರಂದು ವಾಷಿಂಗ್ಟನ್ ತಂಡಕ್ಕೆ ಒಂದೂ ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ) ಬಿಟ್ಟುಕೊಡದೆ ಪೂರ್ತಿ ಪಂದ್ಯ ಎಸೆದು ಇತಿಹಾಸದಲ್ಲಿ ಹೆಸರು ಬರೆಸಿಕೊಂಡ. ಅದೇ ಹೊತ್ತಿಗೆ ನಾವು ಇಲ್ಲಿ ಸತತ ಸೋಲುಗಳನ್ನು ಎಣಿಸುತ್ತಾ ಕುಳಿತಿದ್ದೆವು. ತಂಡದ ಚರಿತ್ರೆಯಲ್ಲೇ ಅತಿ ದೊಡ್ಡ ಒಪ್ಪಂದವೆಂದರೆ ಆಂಡ್ರೂ ಬೆನಿನ್‌ಟೆಂಡಿಗೆ ಕೊಟ್ಟ ಐದು ವರ್ಷದ 7.5 ಕೋಟಿ ಡಾಲರ್. ಕೇಳಲು ದೊಡ್ಡ ಮೊತ್ತ ನಿಜ, ಆದರೆ ಅಮೆರಿಕದ ಮೂರನೆಯ ಅತಿ ದೊಡ್ಡ ನಗರದ ತಂಡವೊಂದು ಇಂದಿನವರೆಗೆ ಯಾವ ಆಟಗಾರನಿಗೂ ಹತ್ತು ಕೋಟಿ ಡಾಲರ್ ಕೊಟ್ಟಿಲ್ಲ ಎನ್ನುವುದನ್ನು ಇಲ್ಲಿನ ಅಭಿಮಾನಿಗಳು ಬಾಯಿಪಾಠ ಒಪ್ಪಿಸುತ್ತಾರೆ. ಗಾಯಗಳೂ ಇದ್ದವು, ಲೂಯಿಸ್ ರಾಬರ್ಟ್ ಏಪ್ರಿಲ್ ಆರಂಭದಲ್ಲೇ ಸೊಂಟ ಹಿಡಿದುಕೊಂಡು ಎರಡು ತಿಂಗಳು ಹೊರಗುಳಿದ. ಆದರೆ ಒಬ್ಬ ಬಿದ್ದರೆ ಕುಸಿಯುವ ಮನೆಗೆ ಬಿದ್ದವನನ್ನು ದೂರುವುದು ನ್ಯಾಯವಲ್ಲ, ಕಂಬ ಎಷ್ಟಿದ್ದವು ಎಂದು ಕೇಳಬೇಕು.

ಮೇ 23ರ ಪಂದ್ಯವನ್ನು ಮಾತ್ರ ಬಿಡಿಸಿ ಹೇಳಲೇಬೇಕು, ಏಕೆಂದರೆ ಸೋಲುವುದರಲ್ಲೂ ಹೊಸ ದಾರಿಗಳಿವೆ ಎಂದು ನನಗೆ ಗೊತ್ತಾದದ್ದು ಅಂದು. ಬಾಲ್ಟಿಮೋರ್ ಓರಿಯೋಲ್ಸ್ 8-6ರಿಂದ ಮುಂದಿತ್ತು. ಕೊನೆಯ ಇನ್ನಿಂಗ್‌ನಲ್ಲಿ ನಮ್ಮವರು ಒಮ್ಮೆಲೇ ಎಚ್ಚರಗೊಂಡು ಇಬ್ಬರನ್ನು ಬೇಸ್‌ಗಳಲ್ಲಿ ನಿಲ್ಲಿಸಿದ್ದರು, ಒಬ್ಬ ಔಟಾಗಿದ್ದ (ಮೂವರು ಔಟಾದರೆ ಇನ್ನಿಂಗ್ ಮುಗಿಯುತ್ತದೆ). ಬೆನಿನ್‌ಟೆಂಡಿ ಹೊಡೆದ ಚೆಂಡು ನೆಟ್ಟಗೆ ಮೇಲೇರಿತು. ಇಂಥ ಸುಲಭದ ಕ್ಯಾಚನ್ನು ಬೇಕೆಂದೇ ಕೆಳಗೆ ಬಿಟ್ಟು ಇಬ್ಬರನ್ನು ಔಟ್ ಮಾಡುವ ಕುತಂತ್ರವನ್ನು ತಡೆಯಲು, ಚೆಂಡು ಕೈಗೆ ಬರುವ ಮೊದಲೇ ಬ್ಯಾಟರ್ ಔಟ್ ಎಂದು ಸಾರುವ ನಿಯಮವೊಂದಿದೆ. ಅದರಂತೆ ಬ್ಯಾಟರ್ ಔಟ್. ಅಷ್ಟರಲ್ಲಿ, ಎರಡನೆಯ ಬೇಸಿನ ಬಳಿ ಇದ್ದ ನಮ್ಮ ಓಟಗಾರ ಆಂಡ್ರೂ ವಾನ್ ಕ್ಯಾಚಿಗೆ ಬರುತ್ತಿದ್ದ ಕ್ಷೇತ್ರರಕ್ಷಕನಿಗೆ ಅಡ್ಡಬಂದನೆಂದು ಅಂಪೈರ್ ಆತನನ್ನೂ ಔಟ್ ಮಾಡಿದರು. ಪಂದ್ಯ ಅಲ್ಲಿಗೆ ಮುಗಿಯಿತು. ಎದುರಾಳಿ ಚೆಂಡನ್ನು ಹಿಡಿದದ್ದು ಆಟ ಮುಗಿಸಲು ಬೇಕೇ ಇರಲಿಲ್ಲ! ಎಲ್ಲರೂ ಅಂಪೈರರ ಕಡೆ ಬೆರಳು ತೋರಿಸಿದರು. ನನ್ನ ಅಭಿಪ್ರಾಯದಲ್ಲಿ ನಿಯಮ ನಿಯಮವೇ. ಮೊದಲೇ ಹಿಂದೆ ಬೀಳದ ತಂಡಕ್ಕೆ ಇಂಥ ನಿಯಮಗಳ ಕೈಗೆ ಸಿಗುವ ಸಂದರ್ಭ ಬರುವುದು ಅಪರೂಪ.

ಆ ದಿನಗಳಲ್ಲೇ ಸತತ 14 ಸೋಲುಗಳ ಸರಣಿ ಶುರುವಾಗಿತ್ತು. ಅದನ್ನು ಮೀರಿಸಿದ್ದು ಜುಲೈನದು. ಜುಲೈ 10ರಂದು ಮಿನೆಸೋಟ ಟ್ವಿನ್ಸ್ ವಿರುದ್ಧ ಒಂದೇ ದಿನ ಎರಡು ಪಂದ್ಯಗಳಿದ್ದವು. ಮೊದಲನೆಯದರ ಕೊನೆಗೆ ಬಂದ ಮೈಕಲ್ ಕೋಪೆಕ್ ಒಂಬತ್ತೇ ಎಸೆತಗಳಲ್ಲಿ ಮೂವರನ್ನು ಸ್ಟ್ರೈಕ್‌ಔಟ್ ಮಾಡಿದ. ಇದಕ್ಕಿಂತ ಚೊಕ್ಕವಾಗಿ ಪಂದ್ಯ ಮುಗಿಸುವುದು ಈ ಆಟದಲ್ಲಿ ಸಾಧ್ಯವಿಲ್ಲ. ಅದೇ ಸಂಜೆ ಎರಡನೆಯ ಪಂದ್ಯ ಸೋತ ತಂಡ ಮತ್ತೆ ಗೆಲುವಿನ ಮುಖ ನೋಡಿದ್ದು ಆಗಸ್ಟ್ 6ರಂದು, ಓಕ್‌ಲ್ಯಾಂಡಿನಲ್ಲಿ. ನಡುವೆ ಸತತ 21 ಸೋಲು. ಮೇಜರ್ ಲೀಗಿನ ಎರಡು ಭಾಗಗಳಲ್ಲೊಂದಾದ ಅಮೆರಿಕನ್ ಲೀಗಿನಲ್ಲಿ 1988ರ ಓರಿಯೋಲ್ಸ್ ಬಿಟ್ಟರೆ ಇಷ್ಟು ದೂರ ಯಾರೂ ನಡೆದಿರಲಿಲ್ಲ. ಸರಣಿ ಮುರಿದ ಎರಡನೆಯ ದಿನ ಮ್ಯಾನೇಜರ್ ಪೆಡ್ರೊ ಗ್ರಿಫೋಲ್ ಅವರನ್ನು ಮನೆಗೆ ಕಳುಹಿಸಿದರು. ಆಗ ತಂಡದ ಲೆಕ್ಕ 28 ಗೆಲುವು, 89 ಸೋಲು. ಆ ಕೋಪೆಕ್ ಅಷ್ಟರಲ್ಲಿ ಇಲ್ಲಿರಲಿಲ್ಲ. ಜುಲೈ ಕೊನೆಯ ವಿನಿಮಯದಲ್ಲಿ ಆತ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿ, ಅಕ್ಟೋಬರಿನಲ್ಲಿ ವರ್ಲ್ಡ್ ಸೀರೀಸ್ ಗೆದ್ದವರ ಸಾಲಿನಲ್ಲಿ ನಿಂತ. ಕೊರಿಯಾದ ಲೀಗಿನಿಂದ ಹುಡುಕಿ ತಂದು, ಆ ವರ್ಷದ ಒಳ್ಳೆಯ ಖರೀದಿ ಎನಿಸಿದ್ದ ಪಿಚರ್ ಎರಿಕ್ ಫೆಡ್ಡಿಯನ್ನೂ ಅದೇ ವ್ಯವಹಾರದಲ್ಲಿ ಸೇಂಟ್ ಲೂಯಿಸ್‌ಗೆ ದಾಟಿಸಿದರು.

ಆರ್‌ಸಿಬಿ ಅಭಿಮಾನಿಗಳು ಇಲ್ಲಿ ನನ್ನನ್ನು ತಡೆಯಬಹುದು. ಅದೇ 2024ರ ಐಪಿಎಲ್‌ನಲ್ಲಿ ನಾವು ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇ ಆಫ್ ತಲುಪಲಿಲ್ಲವೇ ಎಂದು ಕೇಳಬಹುದು. ತಲುಪಿದ್ದೆವು, ನಾನೂ ಬೆಳಗಿನ ಹೊತ್ತು ಕಚೇರಿ ಕೆಲಸ ಬದಿಗಿಟ್ಟು ಅದನ್ನು ನೋಡಿದವನೇ. ಆದರೆ ಅಲ್ಲಿ ಸೋಲುತ್ತಿದ್ದಾಗಲೂ ಗೆಲ್ಲಬಲ್ಲವರು ಮೈದಾನದಲ್ಲಿದ್ದರು. ಲೆಕ್ಕಾಚಾರದ ಕಾಗದ ಹಿಡಿದು ಕೂರಲು ಒಂದು ನೆಪವಿತ್ತು. ಟಿಕೆಟ್ ಕೊಳ್ಳುವವನು ಗೆಲುವನ್ನು ಕೊಳ್ಳುವುದಿಲ್ಲ, ಅದು ಯಾರ ಅಂಗಡಿಯಲ್ಲೂ ಸಿಗುವುದಿಲ್ಲ. ಇವತ್ತು ಗೆದ್ದರೂ ಗೆಲ್ಲಬಹುದು ಎನ್ನುವ ಗುಮಾನಿಯೊಂದನ್ನು ಮನೆಯಿಂದ ಮೈದಾನದವರೆಗೆ ಹೊತ್ತು ತರುವ ಹಕ್ಕಿಗೆ ಹಣ ಕೊಡುತ್ತಾನೆ. ವೈಟ್ ಸಾಕ್ಸ್ ಅಂಗಡಿಯಲ್ಲಿ ಆ ಸರಕು ಮೇ ಮುಗಿಯುವ ಮೊದಲೇ ಖಾಲಿಯಾಗಿತ್ತು, ಮಾರಾಟ ಮಾತ್ರ ಸೆಪ್ಟೆಂಬರ್‌ವರೆಗೆ ನಡೆಯಿತು. ನನ್ನ ತಕರಾರು ಇಷ್ಟೇ.

ಅಂಗಡಿಯ ಕಟ್ಟಡದ ಬಗ್ಗೆ ಹೇಳದಿದ್ದರೆ ವಿಮರ್ಶೆ ಅರೆಬರೆಯಾಗುತ್ತದೆ. ನಗರದ ರೆಡ್ ಲೈನ್ ರೈಲಿನಲ್ಲಿ 35ನೆಯ ಬೀದಿಯ ನಿಲ್ದಾಣದಲ್ಲಿ ಇಳಿದರೆ ತಂಡದ ಮೈದಾನ, ಆಗಿನ ಹೆಸರಿನಲ್ಲಿ ಗ್ಯಾರಂಟೀಡ್ ರೇಟ್ ಫೀಲ್ಡ್, ಕಾಲ್ನಡಿಗೆಯ ದೂರದಲ್ಲಿದೆ. 1991ರಲ್ಲಿ ತೆರೆದ ಈ ಕ್ರೀಡಾಂಗಣದಲ್ಲಿ ಸುಮಾರು 40,600 ಜನ ಕೂರಬಹುದು. ಇದು ಆಗ್ನೇಯಕ್ಕೆ ಮುಖ ಮಾಡಿ ನಿಂತಿರುವುದರಿಂದ, ಶಿಕಾಗೊದ ಹೆಸರುವಾಸಿ ಗಗನಚುಂಬಿಗಳ ಸಾಲು ನೋಡುಗರ ಬೆನ್ನ ಹಿಂದೆ ಉಳಿಯುತ್ತದೆ. ವಾಸ್ತು ನೋಡುವವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಎದುರುಗಡೆ, ಹಳೆಯ ಕಮಿಸ್ಕಿ ಪಾರ್ಕ್ ಇದ್ದ ಜಾಗ ಈಗ ಕಾರು ನಿಲ್ಲಿಸುವ ಬಯಲು. ಹಳೆಯ ಮೈದಾನದ ಹೋಂ ಪ್ಲೇಟ್ ಇದ್ದ ಕಡೆ ನೆಲದಲ್ಲಿ ಅಮೃತಶಿಲೆಯ ಗುರುತೊಂದಿದೆ. ಪಂದ್ಯಕ್ಕೆ ಮೊದಲು ಹಿರಿಯರು ಮೊಮ್ಮಕ್ಕಳನ್ನು ಕರೆತಂದು ಆ ಕಲ್ಲನ್ನು ತೋರಿಸುವುದನ್ನು ನೋಡಿದ್ದೇನೆ. ನಗರದ ಉತ್ತರ ಭಾಗದ ಕಬ್ಸ್ ತಂಡ 1908ರ ನಂತರ 2016ರವರೆಗೆ ಒಂದೂ ವರ್ಲ್ಡ್ ಸೀರೀಸ್ ಗೆಲ್ಲದೆಯೂ ದೇಶಕ್ಕೆಲ್ಲ ಮುದ್ದಿನ ತಂಡವಾಗಿತ್ತು. ದಕ್ಷಿಣದವರ 88 ವರ್ಷಗಳ ಬರ 2005ರಲ್ಲಿ ನೀಗಿದಾಗ ಹೊರಗಿನವರು ಗಮನಿಸಿದ್ದು ಕಡಿಮೆ. ಇಲ್ಲಿನವರ ಮಾತಿನಲ್ಲಿ ಈ ಮುನಿಸು ಇಂದಿಗೂ ಹಸಿಯಾಗಿದೆ, ಸೋತರೂ ಮುದ್ದಾಡಿಸಿಕೊಳ್ಳುವ ಭಾಗ್ಯ ಇವರಿಗಿಲ್ಲ.

ಊಟದ ವಿಷಯಕ್ಕೆ ಬಂದರೆ ದೂರಲು ಏನೂ ಇಲ್ಲ. ಮೆಕ್ಸಿಕೊ ಕಡೆಯಿಂದ ಬಂದ ಎಲೋಟೆ ಎಂಬ ತಿನಿಸು ಈ ಮೈದಾನದ ಹೆಗ್ಗುರುತು: ಮುಸುಕಿನ ಜೋಳದ ಕಾಳುಗಳನ್ನು ತೆನೆಯಿಂದ ಬಿಡಿಸಿ, ಬೆಣ್ಣೆ, ಚೀಸ್, ನಿಂಬೆ, ಮೆಣಸಿನಪುಡಿ ಬೆರೆಸಿ ಬಟ್ಟಲಿನಲ್ಲಿ ಕೊಡುತ್ತಾರೆ. ಕೆಂಡದ ಮೇಲೆ ಸುಟ್ಟ ತೆನೆಗೆ ನಿಂಬೆಹೋಳು ಉಜ್ಜಿ ತಿಂದು ಬೆಳೆದ ನಾಲಿಗೆಗೆ ಇದು ದೂರದ ನೆಂಟನಂತೆ ಕಾಣುತ್ತದೆ, ಮಾಂಸ ತಿನ್ನದವರಿಗೆ ಹೊಟ್ಟೆಯೂ ತುಂಬುತ್ತದೆ. ಆ ವರ್ಷ ಹೊಸದಾಗಿ ಬಂದ, ಸುಟ್ಟ ಮಾರ್ಷ್‌ಮೆಲ್ಲೊ ಹಾಕಿದ ಕ್ಯಾಂಪ್‌ಫೈರ್ ಮಿಲ್ಕ್‌ಶೇಕ್ ತಂಡಕ್ಕಿಂತ ಹೆಚ್ಚು ಹೆಸರು ಮಾಡಿತು. ಮದುವೆಯಲ್ಲಿ ವಾಲಗವೇ ಮದುಮಗನಿಗಿಂತ ಮಿಗಿಲಾದಂತೆ.

ಇನ್ನು ಆ ಒಂದು ನಕ್ಷತ್ರದ ವಿಷಯ. ಕ್ರೋಶೆ ಎಸೆಯುವ ದಿನ ಮೈದಾನದ ಗಾಳಿಯೇ ಬೇರೆ. ಆರೂವರೆ ಅಡಿ ಎತ್ತರದ ಆ ಎಡಗೈಯವನ ಚೆಂಡು ಬ್ಯಾಟರ್‌ನ ಎದೆಯ ಮಟ್ಟದಲ್ಲಿ ಹಾದುಹೋಗಿ, ಬ್ಯಾಟು ಗಾಳಿಯನ್ನು ಸೀಳಿದ ಮೇಲೆ ಸದ್ದು ಕೇಳಿಸುತ್ತಿತ್ತು. 146 ಇನ್ನಿಂಗ್‌ಗಳಲ್ಲಿ 209 ಸ್ಟ್ರೈಕ್‌ಔಟ್; ಲೀಗಿನ ಆಯ್ದ ಆಟಗಾರರು ಆಡುವ ಆಲ್ ಸ್ಟಾರ್ ಪಂದ್ಯಕ್ಕೆ ಇಲ್ಲಿಂದ ಹೋದವನು ಇವನೇ. ಮೊದಲ ಬಾರಿಗೆ ಋತುವಿಡೀ ಪಂದ್ಯ ಆರಂಭಿಸುತ್ತಿದ್ದ ತೋಳಿಗೆ ಭಾರವಾಗದಿರಲೆಂದು ಜುಲೈ ನಂತರ ಅವನಿಗೆ ನಾಲ್ಕು ಇನ್ನಿಂಗ್‌ಗಳಿಗಿಂತ ಹೆಚ್ಚು ಕೊಡಲಿಲ್ಲ. ಅದು ವಿವೇಕದ ನಿರ್ಧಾರವೇ. ಆದರೆ ಅವನು ಮೈದಾನ ಬಿಟ್ಟೊಡನೆ ಜನ ಎದ್ದು ಜೋಳದ ಅಂಗಡಿಯ ಕಡೆ ನಡೆಯುತ್ತಿದ್ದುದು ಆಡಳಿತದವರ ಕಣ್ಣಿಗೂ ಬಿದ್ದಿರಬೇಕು.

ಇಷ್ಟು ಸೋತರೆ ಮುಂದಿನ ವರ್ಷ ಒಳ್ಳೆಯ ಹೊಸ ಆಟಗಾರ ಸಿಗುತ್ತಾನಲ್ಲ ಎಂದು ಸಮಾಧಾನ ಹೇಳುವವರುಂಟು. ಅಮೆರಿಕದ ಕ್ರೀಡೆಗಳಲ್ಲಿ ಕೊನೆಯ ಸ್ಥಾನದವರಿಗೆ ಹೊಸಬರನ್ನು ಆರಿಸುವಾಗ ಮುಂಚಿನ ಸರದಿ ಸಿಗುವುದು ರೂಢಿ. ಆದರೆ ಬೇಕೆಂದು ಸೋಲುವವರನ್ನು ತಡೆಯಲು ಬೇಸ್‌ಬಾಲ್ ಲೀಗ್ ಇತ್ತೀಚೆಗೆ ಮಾಡಿದ ನಿಯಮದ ಪ್ರಕಾರ, ದೊಡ್ಡ ಮಾರುಕಟ್ಟೆಯ ತಂಡಕ್ಕೆ ಲಾಟರಿ ಎತ್ತಿ ಹಂಚುವ ಮೊದಲ ಸರದಿಗಳು ಎರಡು ವರ್ಷ ಸತತವಾಗಿ ಸಿಗುವುದಿಲ್ಲ. ವೈಟ್ ಸಾಕ್ಸ್ 2024ರಲ್ಲಿ ಐದನೆಯ ಸರದಿ ಬಳಸಿಯಾಗಿತ್ತು. ಹೀಗಾಗಿ 1900ರಿಂದೀಚೆಗೆ ಅತಿ ಹೆಚ್ಚು ಸೋತರೂ 2025ರಲ್ಲಿ ಹತ್ತನೆಯವರಾಗಿ ನಿಲ್ಲಬೇಕಾಯಿತು. ಸೋಲಿನ ಬೆಲೆ ತೆತ್ತವರಿಗೆ ಸೋಲಿನ ಪರಿಹಾರವೂ ಇಲ್ಲ!

ಸೆಪ್ಟೆಂಬರ್ 22ರಂದು 120ನೆಯ ಸೋಲು ಆಯಿತು. 24ರಿಂದ ತವರಿನಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್ ವಿರುದ್ಧ ಮೂರು ಪಂದ್ಯ. ದಾಖಲೆಯ ಸೋಲನ್ನು ಕಣ್ಣಾರೆ ಕಂಡು ಟಿಕೆಟನ್ನು ಜೋಪಾನವಾಗಿ ಎತ್ತಿಡಬೇಕೆಂದೇ ಬಂದವರು ಅನೇಕರಿದ್ದರು. ತಂಡವನ್ನು ಮಾರಿಬಿಡಿ ಎಂದು ಮಾಲೀಕರನ್ನು ಉದ್ದೇಶಿಸಿದ ಕೂಗು ಇನ್ನಿಂಗ್‌ಗೊಮ್ಮೆ ಏಳುತ್ತಿತ್ತು. ಮೊದಲ ದಿನ ಏಳು ಇನ್ನಿಂಗ್ 2-0 ಹಿಂದಿದ್ದ ತಂಡ ಎಂಟನೆಯದರಲ್ಲಿ ಮೂರು ರನ್ ಗಳಿಸಿ ಗೆದ್ದುಬಿಟ್ಟಿತು. ಮರುದಿನ ಹತ್ತನೆಯ ಇನ್ನಿಂಗ್‌ನಲ್ಲಿ 4-3. ಮೂರನೆಯ ದಿನ 7-0. ವರ್ಷವಿಡೀ ಗೆಲುವು ಬೇಡಿದವರಿಗೆ ಸೋಲನ್ನೂ, ಒಮ್ಮೆ ಸೋಲು ನೋಡಲು ಬಂದವರಿಗೆ ಗೆಲುವನ್ನೂ ಬಡಿಸಿದ ಈ ಅಡುಗೆಯವರ ಹಟಮಾರಿತನ ನನಗೆ ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು. 121ನೆಯ ಸೋಲು 27ರಂದು ಡೆಟ್ರಾಯಿಟಿನಲ್ಲಿ ಬಂತು, 4-1ರಿಂದ. ಅದೇ ಗೆಲುವಿನಿಂದ ಟೈಗರ್ಸ್ 2014ರ ನಂತರ ಮೊದಲ ಬಾರಿಗೆ ಪ್ಲೇ ಆಫ್ ಪ್ರವೇಶಿಸಿದ್ದರಿಂದ, ಅಂದು ಮೈದಾನದಲ್ಲಿ ಕುಣಿದವರಿಗೆ ನಮ್ಮ ದಾಖಲೆಯ ನೆನಪೂ ಇದ್ದಿರಲಾರದು.

ಕೊಳ್ಳಬೇಕೆನ್ನುವವರಿಗೆ ನನ್ನ ಸಲಹೆ ಅಕ್ಟೋಬರಿನಲ್ಲಿ ಸಿದ್ಧವಾಗಿತ್ತು: ಟಿಕೆಟ್‌ಗಳನ್ನು ಒಟ್ಟಿಗೆ ಕೊಳ್ಳಬೇಡಿ, ಕ್ರೋಶೆ ಎಸೆಯುವ ದಿನಗಳನ್ನು ನೋಡಿಕೊಂಡು ಬಿಡಿಯಾಗಿ ಕೊಳ್ಳಿ, ಬೇಗ ಹೋಗಿ, ಜೋಳ ತಿನ್ನಿ, ಆತ ಹೊರಗೆ ಬಂದ ಮೇಲೆ ಮುಂದಿನ ರೈಲು ಹಿಡಿಯಿರಿ. ಡಿಸೆಂಬರಿನಲ್ಲಿ ನಾಲ್ವರು ಎಳೆಯರಿಗೆ ಬದಲಾಗಿ ಕ್ರೋಶೆಯನ್ನು ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ಕೊಟ್ಟರು. ಈಗ ಸಲಹೆಯಲ್ಲಿ ಉಳಿದಿರುವುದು ಬೇಗ ಹೋಗುವುದು, ಜೋಳ ಮತ್ತು ರೈಲು.