ಅಬಲೋನ್: ಗೋಲಿಗಳ ತಳ್ಳಾಟ

1987ರಲ್ಲಿ ರೂಪುಗೊಂಡ ಅಬಲೋನ್ ಇಬ್ಬರ ಆಟವಾಗಿದ್ದು, ಷಟ್ಕೋನಾಕಾರದ ಮಣೆಯ 61 ಕುಳಿಗಳಲ್ಲಿ ಕಪ್ಪು ಮತ್ತು ಬಿಳಿಯ ತಲಾ 14 ಗೋಲಿಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು ಸಲಕ್ಕೆ ಸಾಲಾಗಿರುವ ಮೂರು ಗೋಲಿಗಳವರೆಗೆ ಸರಿಸಬಹುದು; ಹೆಚ್ಚು ಗೋಲಿಗಳ ಸಾಲು ಕಡಿಮೆಯದನ್ನು ತಳ್ಳಬಲ್ಲದು, ಸಮಬಲವಿದ್ದಲ್ಲಿ ತಳ್ಳಾಟ ನಡೆಯದು. ಎದುರಾಳಿಯ ಆರು ಗೋಲಿಗಳನ್ನು ಮೊದಲು ಹೊರದಬ್ಬಿದವರು ಗೆದ್ದಂತೆ. ಹಿಂದಿನ ಗೋಲಿಗೆ ಬೆರಳೊತ್ತಿದಾಗ ಇಡೀ ಸಾಲು ಕಟಕಟನೆ ಮುಂದಿನ ಕುಳಿಗಳಿಗೆ ಜಾರಿ, ತುದಿಯ ಗೋಲಿ ಅಂಚಿನಾಚೆ ಉರುಳುವ ಆ ಕ್ಷಣದ ಸುಖವೇ, ಒಪ್ಪಿಕೊಳ್ಳುತ್ತೇನೆ, ನನ್ನನ್ನು ಮತ್ತೆ ಮತ್ತೆ ಮಣೆಯ ಮುಂದೆ ಕೂರಿಸಿದೆ. ಕೊರತೆಯೂ ಇದೆ: ಇಬ್ಬರೂ ನಡುವೆ ಗುಂಪುಗಟ್ಟಿ ಕಾಯುತ್ತ ಕುಳಿತರೆ ಆಟ ಮುಗಿಯುವುದೇ ಇಲ್ಲ. ಹೂವಿನಾಕಾರದ ಗುಂಪುಗಳಿಂದ ಆರಂಭವಾಗುವ ‘ಬೆಲ್ಜಿಯನ್ ಡೈಸಿ’ ಜೋಡಣೆಯಲ್ಲಿ ಮೊದಲ ನಡೆಗಳಿಂದಲೇ ಅಂಚಿನ ಗೋಲಿಗಳಿಗೆ ಅಪಾಯವಿರುವುದರಿಂದ, ಹೊಸಬರಿಗೂ ಅದನ್ನೇ ಸೂಚಿಸುತ್ತೇನೆ.